ಬೆಳ್ಳಗಾದ ನಾಗವ್ವ

2025ರ ಜುಲೈ 31, ಗುರುವಾರ. ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಮುಂಡರಗಿ ತಾಲ್ಲೂಕಿನ ಒಂದು ಪೊಲೀಸ್ ಠಾಣೆಗೆ ಹೆಣ್ಣುಮಗಳೊಬ್ಬಳು ಒಬ್ಬಳೇ ಬಂದಳು. ಹೆಸರು ರೋಜಾ, ವಯಸ್ಸು ಇಪ್ಪತ್ಮೂರು. ಗಂಡನ ಊರು ಕೊರ್ಲಹಳ್ಳಿ, ತವರು ಶಿಗ್ಲಿ. ಶಿಗ್ಲಿಯಿಂದ ಬಸ್ಸು ಬದಲಿಸಿಕೊಂಡು ಬಂದಿದ್ದಳು. ರೈಟರ್ ಮೇಜಿನ ಹಿಂದೆ ಹೆಡ್ ಕಾನ್‌ಸ್ಟೆಬಲ್ ಹುಚ್ಚೀರಪ್ಪ ಚಹಾ ಕುಡಿಯುತ್ತಿದ್ದ.

"ಏನ್ಬೇಕವ್ವಾ?"

"ಫಿರ್ಯಾದಿ ಕೊಡಬೇಕ್ರಿ. ನಮ್ಮ ಮನಿ ದೇವರು ಕಳುವಾಗೇತಿ."

"ಬೆಳ್ಳಿದೊ, ಬಂಗಾರದ್ದೊ?"

"ಕಂಚಿನ ಬಿಲ್ಲಿರಿ. ಹಳೇ ನಾಣ್ಯದಂಗ ಗುಂಡಗ ಐತಿ. ಮ್ಯಾಲ ನಾಗವ್ವ ಅದಾಳ."

"ಎಂದಿನಿಂದ ಕಾಣವಲ್ತು?"

"ದೇವರ ಜಗಲಿ ಮ್ಯಾಲ ಒಂದು ಐತ್ರಿ. ಆದ್ರ ಅದು ನಮ್ಮದಲ್ಲ."

ಹುಚ್ಚೀರಪ್ಪ ಕಪ್ಪು ಕೆಳಗಿಟ್ಟು ನಕ್ಕ. "ದೇವರು ಜಗಲಿ ಮ್ಯಾಲ ಐತಿ, ಆದ್ರೂ ಕಳುವಾಗೇತಿ. ಇದನ್ನ ಯಾವ ಕಲಮಿನ್ಯಾಗ ಹಾಕಲಿ? ಪೂಜಾರಿ ಕಡೆ ಹೋಗವ್ವಾ, ಇದು ಠಾಣೆ."

"ನನ್ನ ಹೆಸರೂ ಬರಕೋರಿ. ನಾನ ಮಾಡೇನಿ ಅಂತ ಊರಾಗ ಅಂತಾರ. ಮೊದಲ ನನ್ನನ್ನ ವಿಚಾರಣಿ ಮಾಡ್ರಿ. ಆದ್ರ ಬರಕೋರಿ."

ತನ್ನ ಮೇಲೆಯೇ ತನಿಖೆ ಮಾಡಿ ಎಂದು ಕೇಳಿಕೊಂಡು ಬಂದವರನ್ನು ಆ ಠಾಣೆ ಅದುವರೆಗೆ ಕಂಡಿರಲಿಲ್ಲ. ಒಳಗಿನ ಕೋಣೆಯಲ್ಲಿದ್ದ ಇನ್ಸ್‌ಪೆಕ್ಟರ್ ಮಾಳಿಂಗರಾಯ ಎದ್ದು ಹೊರಗೆ ಬಂದರು. ಅವಳಿಗೆ ಕುರ್ಚಿ ಹಾಕಿಸಿ, ಮಹಿಳಾ ಕಾನ್‌ಸ್ಟೆಬಲ್ ನೀಲಗಂಗವ್ವಳನ್ನು ಕರೆದರು. ಹುಚ್ಚೀರಪ್ಪನಿಗೆ, "ನಿನ್ನ ಚಹಾ ಮುಗಿದಿದ್ರ ಈಕಿಗೊಂದು ತರಸು" ಎಂದರು.

ರೋಜಾ ಹೇಳಿದ್ದು ಇಷ್ಟು. ಅವಳ ಗಂಡ ಪರಶುರಾಮನ ಮುತ್ತಜ್ಜನಿಗೆ ತುಂಗಭದ್ರೆಯ ದಂಡೆಯಲ್ಲಿ ಕಂಚಿನ ಬಿಲ್ಲೆಯೊಂದು ಸಿಕ್ಕಿತ್ತು. ಅದರ ಒಂದು ಮಗ್ಗುಲಲ್ಲಿ ಗಡ್ಡದ ಗಂಡಸಿನ ಮುಖ, ಇನ್ನೊಂದು ಮಗ್ಗುಲಲ್ಲಿ ಕುಳಿತ ಹೆಂಗಸು. ಅವಳು ಕೈಯಲ್ಲಿ ತಟ್ಟೆ ಹಿಡಿದಿದ್ದಾಳೆ, ಕಟ್ಟೆಯ ಮೇಲಿಂದ ಹಾವೊಂದು ಹೆಡೆಯೆತ್ತಿ ಆ ತಟ್ಟೆಗೆ ಬಾಯಿ ಒಡ್ಡಿದೆ. ಹಾವಿಗೆ ಹಾಲು ಕುಡಿಸುವವಳು ನಾಗವ್ವನಲ್ಲದೆ ಮತ್ತಾರು? ಬಿಲ್ಲೆ ಜಗಲಿ ಏರಿತು. ಗಡ್ಡದವನು ಯಾರೆಂದು ಯಾರಿಗೂ ತಿಳಿಯಲಿಲ್ಲ, ಹೀಗಾಗಿ ಅವನ ಮುಖವನ್ನು ಕೆಳಗೆ ಮಾಡಿ ಇಡುತ್ತಿದ್ದರು. ವರ್ಷಕ್ಕೊಮ್ಮೆ ನಾಗರ ಅಮಾವಾಸ್ಯೆಗೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುವುದು, ಪಂಚಮಿಗೆ ಹಾಲೆರೆಯುವುದು. ಊರ ಹೆಂಗಸರೆಲ್ಲ ಆ ಮನೆಗೇ ಬರುತ್ತಿದ್ದರು.

ಈ ವರ್ಷ ಅತ್ತೆ ತಿಪ್ಪವ್ವನ ಕೈಗೆ ಗಾಯವಾಗಿದ್ದರಿಂದ ತಿಕ್ಕುವ ಕೆಲಸ ರೋಜಾಳಿಗೆ ಬಂತು. ತಿಕ್ಕಿದಳು. ಕಂದು ಬಣ್ಣ ಅಂಗೈಗೆ ಹತ್ತಿ ಬಂತು. ಒಳಗಿನಿಂದ ನಾಗವ್ವ ತಗಡಿನಂತೆ ಬೆಳ್ಳಗೆ ಹೊರಬಂದಳು.

"ಅಂದ ಸಂಜೀಕ ಹಿರ್ಯಾರು ಗುಡಿ ಮುಂದ ಕೂಡಿದ್ರು. ನಾ ಮುಟ್ಟಾಗಿ ಮುಟ್ಟೇನಿ, ಮೈಲಿಗಿಗೆ ನಾಗವ್ವ ಬಣ್ಣಾ ಬಿಟ್ಟಾಳ ಅಂದ್ರು. ನಾಗವ್ವನ ಬಣ್ಣಾ ತಿರುಗಿ ಬರೂ ತನಕ ನಾ ಹೊಸ್ತಿಲಾ ದಾಟಬಾರದಂತ."

"ಗಂಡ ಏನಂದ?" ನೀಲಗಂಗವ್ವ ಕೇಳಿದಳು.

"ಏನೂ ಅನಲಿಲ್ಲ. ಮರುದಿನ ಬಸ್‌ಸ್ಟ್ಯಾಂಡಿಗೆ ತಂದ ಬಿಟ್ಟ."

ಪಂಚಮಿಗೆ ಅಣ್ಣ ಬರಬೇಕು, ಉಂಡಿ ಕಟ್ಟಿಸಿಕೊಂಡು, ಸೀರೆ ಉಡಿಸಿ ಕರೆದೊಯ್ಯಬೇಕು. ಈ ಸೀಮೆಯ ಯಾವ ಹೆಣ್ಣುಮಗಳನ್ನು ಕೇಳಿದರೂ ವರ್ಷವಿಡೀ ಆ ಒಂದು ಕರೆಗೆ ಕಾಯುತ್ತೇನೆ ಎನ್ನುತ್ತಾಳೆ. ಈಕೆ ತವರಿಗೆ ಹೋದದ್ದು ಕಳಂಕ ಹೊತ್ತುಕೊಂಡು. ಶಿಗ್ಲಿಯಲ್ಲಿ ಜೋಕಾಲಿ ಕಟ್ಟಿದ್ದರು, ಓಣಿಯ ಹುಡುಗಿಯರು ಅವಳನ್ನು ಕರೆಯಲಿಲ್ಲವಂತೆ.

"ಅವತ್ತ ನಾ ಮುಟ್ಟಾಗಿದ್ದಿಲ್ರಿ. ಅದನ್ನೂ ಬರೀರಿ."

ಹುಚ್ಚೀರಪ್ಪನ ಪೆನ್ನು ನಿಂತಿತು. ಇಪ್ಪತ್ತೈದು ವರ್ಷದ ಸರ್ವೀಸಿನಲ್ಲಿ ಕೊಲೆ, ದರೋಡೆ, ಏನೆಲ್ಲ ಬರೆದವನಿಗೆ ಈ ಒಂದು ಸಾಲು ಬರೆಯಲು ಕೈ ಏಳಲಿಲ್ಲ. ನೀಲಗಂಗವ್ವ ಅವನ ಮುಂದಿನ ಹಾಳೆ ಎಳೆದುಕೊಂಡು ತಾನೇ ಬರೆದಳು. ಭಾರತೀಯ ನ್ಯಾಯ ಸಂಹಿತೆಯ ಕಲಂ 305ರ ಅಡಿ, ವಾಸದ ಮನೆಯಲ್ಲಿ ಕಳ್ಳತನ ಎಂದು ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ.

ಅದೇ ದಿನ ಮಧ್ಯಾಹ್ನ ಕೊರ್ಲಹಳ್ಳಿಯಲ್ಲಿ ಸ್ಥಳ ಪಂಚನಾಮೆ ನಡೆಯಿತು. ಪರಶುರಾಮ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ಹೂಂ ಅನ್ನುವವನೂ ಅಲ್ಲ, ಉಹೂಂ ಅನ್ನುವವನೂ ಅಲ್ಲ. ತಿಪ್ಪವ್ವ ಮಾತ್ರ ಜಗಲಿಗೆ ಅಡ್ಡ ನಿಂತಳು.

"ನಮ್ಮ ನಾಗವ್ವನ್ನ ಪೊಲೀಸ್ರು ಮುಟ್ಟಬಾರದು."

"ಇದು ನಿಮ್ಮ ನಾಗವ್ವನ ಅಲ್ಲ ಅಂತಾಳ ನಿಮ್ಮ ಸೊಸಿ," ಮಾಳಿಂಗರಾಯ ಹೇಳಿದರು. "ಬಿಲ್ಲೀನ ಹೊರಗಿನವ್ರು ಯಾರರ ಮುಟ್ಟಿದ್ರೇನು?"

"ಯಾರೂ ಇಲ್ಲ."

"ನೆನಪ ಮಾಡಿಕೊಂಡು ಹೇಳ್ರಿ."

"ಇಲ್ಲಂದೆ ನೋಡ್ರಿ."

ಹೇಳುವಾಗ ಅವಳು ಇನ್ಸ್‌ಪೆಕ್ಟರ್ ಕಡೆ ನೋಡದೆ ಅಡುಗೆಮನೆಯ ಕಡೆ ನೋಡಿದಳು. ಮಾಳಿಂಗರಾಯರು ಅದನ್ನು ಗಮನಿಸಿ ಸುಮ್ಮನಾದರು. ಪಂಚರ ಸಹಿ ಪಡೆದು ಬಿಳಿ ಬಿಲ್ಲೆಯನ್ನು ಸೀಲು ಮಾಡಿದರು. ರೋಜಾಳ ಮೊಬೈಲಿನಲ್ಲಿ ಹೋದ ವರ್ಷದ ಅಮಾವಾಸ್ಯೆಯ ಫೋಟೊ ಸಿಕ್ಕಿತು. ತಿಕ್ಕಿ ತೊಳೆದ ಬಿಲ್ಲೆ ತಿಪ್ಪವ್ವನ ಅಂಗೈಯಲ್ಲಿ ಕೆಂಪಗೆ ಹೊಳೆಯುತ್ತಿತ್ತು. ಅದನ್ನೂ ಪ್ರತಿ ಮಾಡಿಸಿಕೊಂಡರು.

ಮರುದಿನ ಗದಗಿನಲ್ಲಿ ಪ್ರಾಚ್ಯವಸ್ತು ತಜ್ಞೆ ಸೀಮಾ ಅವರ ಮೇಜಿನ ಮೇಲೆ ಬಿಲ್ಲೆ ಮತ್ತು ಫೋಟೊ ಎರಡೂ ಇದ್ದವು. ಫೋಟೊ ದೊಡ್ಡದು ಮಾಡಿ ನೋಡಿದ ಸೀಮಾ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು.

"ಇದು ರೋಮಿನ ನಾಣ್ಯ, ಸರ್. ಗಡ್ಡದವನು ಆಂಟೊನೈನಸ್ ಪಯಸ್ ಅನ್ನೋ ಚಕ್ರವರ್ತಿ. ಸುಮಾರು ಸಾವಿರದ ಎಂಟುನೂರಾ ಎಪ್ಪತ್ತು ವರ್ಷದ ಹಿಂದಿನದು."

"ಆ ಹೆಣ್ಣುಮಗಳು?"

"ಅವಳು ಸಾಲಸ್. ಆರೋಗ್ಯ, ಕ್ಷೇಮದ ದೇವಿ. ಹಾವು ಅವಳ ಸಾಕುಜೀವ, ತಟ್ಟೆಯಿಂದ ಉಣಿಸ್ತಾಳೆ. ರಾಜ ಆರಾಮ ಇದ್ದರೆ ರಾಜ್ಯ ಆರಾಮ ಅಂತ ಪ್ರಜೆಗಳಿಗೆ ಸಾರೋದಕ್ಕೆ ಹಿಂಗೆ ಅಚ್ಚು ಹಾಕಿಸ್ತಿದ್ರು. ಆಗ ಪೇಪರು ಇಲ್ಲ, ಟಿವಿ ಇಲ್ಲ, ರೊಕ್ಕವೇ ಸುದ್ದಿ. ದೇವಿಯ ಎಡಬಲಕ್ಕೆ ಎಸ್, ಸಿ ಅಂತ ಅಕ್ಷರ ಅದಾವೆ ನೋಡಿ. ಸೆನೆಟಿನ ಅಪ್ಪಣೆಯಿಂದ ಅಂತ ಅರ್ಥ. ನಮ್ಮ ದೇಶದಲ್ಲಿ ಬಂಗಾರ, ಬೆಳ್ಳಿಯ ರೋಮನ್ ನಾಣ್ಯ ಸಿಗ್ತಾವೆ. ಇಷ್ಟು ದೊಡ್ಡ ಕಂಚಿನದು ಈ ಕಡೆ ನಾನು ಕಂಡೇ ಇಲ್ಲ."

ಬ್ರಿಟನ್ನಿನಿಂದ ಸಿರಿಯಾದವರೆಗೆ ಆಳಿದ ಚಕ್ರವರ್ತಿ ನಾಲ್ಕು ತಲೆಮಾರು ಕೊರ್ಲಹಳ್ಳಿಯ ಜಗಲಿಯ ಮೇಲೆ ಮುಖ ಕೆಳಗೆ ಮಾಡಿ ಬಿದ್ದಿದ್ದ. ಮಾಳಿಂಗರಾಯರಿಗೆ ನಗು ಬಂತು, ಆದರೆ ಬಂದ ಕೆಲಸ ನೆನಪಾಗಿ ತಡೆದುಕೊಂಡರು.

"ಈಗ ನಮ್ಮ ಹತ್ರ ಇರೂದು?"

"ನಕಲು. ಪದಕಕ್ಕೆ ಬಳಸೋ ಬಿಳಿ ಲೋಹ, ಮೇಲೆ ಬಣ್ಣ. ಫೋಟೊದಲ್ಲಿ ದೇವಿಯ ಮೊಣಕಾಲಿನ ಹತ್ರ ಒಂದು ತಗ್ಗು ಐತಲ್ಲ, ನಕಲಿನಲ್ಲೂ ಅಲ್ಲೇ, ಅಷ್ಟೇ ತಗ್ಗು. ಅಂದರೆ ನಿಮ್ಮ ಅಸಲಿ ನಾಣ್ಯದ ಮೇಲೇ ಅಚ್ಚು ತೆಗೆದಿದ್ದಾರೆ. ಕಳ್ಳ ಎರಡು ಸಲ ಬಂದಿರಬೇಕು. ಒಮ್ಮೆ ಅಚ್ಚಿಗೆ, ಒಮ್ಮೆ ಅದಲುಬದಲು ಮಾಡಾಕೆ."

ಎರಡು ಸಲ ಬಂದವನು ಯಾರು ಎಂದು ತಿಪ್ಪವ್ವನನ್ನು ಕೇಳಿದರೆ ಮತ್ತೆ ಯಾರೂ ಇಲ್ಲ ಎನ್ನುತ್ತಾಳೆ. ನಾಗವ್ವನಿಗೆ ಕೈ ಮುಗಿಯಲು ಬಂದುಹೋಗುವವರು ಬಹಳ ಮಂದಿ, ಯಾರೂ ಮುಟ್ಟಿದ್ದು ತಾನು ಕಂಡಿಲ್ಲ ಎಂದು ರೋಜಾ ಹೇಳಿದ್ದಳು. ಜೀಪಿನಲ್ಲಿ ಮರಳುವಾಗ ಮಾಳಿಂಗರಾಯರು ಬೇರೆ ದಾರಿ ಯೋಚಿಸಿದರು. ಕದ್ದವನನ್ನು ಹುಡುಕುವುದು ಆಮೇಲೆ. ಮೈಲಿಗೆ ಎಂಬ ಮಾತು ಮೊದಲು ಯಾರ ಬಾಯಿಂದ ಬಂತು?

"ಅದನ್ನ ಹುಡುಕಾಕ ಆಕ್ಕೇತೇನ್ರಿ ಸರ?" ಹುಚ್ಚೀರಪ್ಪ ಕೇಳಿದ. "ಊರ ಮಾತು, ಊರ ಬಾಯಿ."

"ಊರಿಗೆ ಬಾಯಿ ಇರೂದಿಲ್ಲೋ. ಒಬ್ಬನ ಬಾಯಾಗಿಂದ ಬಂದಿರತೈತಿ. ಆಮ್ಯಾಲ ಊರು ಅಂತಾರ."

ಆಗಸ್ಟ್ 2ರಂದು ಕೊರ್ಲಹಳ್ಳಿಯ ಗುಡಿಯ ಮುಂದೆ, ಹಿರಿಯರಲ್ಲಿ ಹಿರಿಯನಾದ ಹನಮಪ್ಪನನ್ನು ಕೂರಿಸಿ ಕೇಳಿದರು.

"ಸೊಸಿ ಮುಟ್ಟಾಗಿದ್ಲು ಅಂತ ನಿಮಗ ಹೆಂಗ ಗೊತ್ತಾತು?"

"ಇಲ್ಲದಿದ್ರ ದೇವರು ಬಣ್ಣಾ ಯಾಕ ಬಿಡತೈತ್ರಿ?"

"ನಾ ಕೇಳಿದ್ದು ಅದಲ್ಲ. ಯಾರು ಹೇಳಿದ್ರು?"

"ಎಲ್ಲಾರೂ ಹೇಳಿದ್ರು."

"ಎಲ್ಲಾರಕಿಂತ ಮೊದಲ?"

ಹನಮಪ್ಪ ರುಮಾಲು ಸರಿಪಡಿಸಿಕೊಂಡ. "ತಿಪ್ಪವ್ವನ ಹೇಳಿದ್ಲ್ರಿ. ಮನಿ ಅತ್ತೀನ ಹೇಳಿದ ಮ್ಯಾಲ ನಾವ್ಯಾಕ ಅನುಮಾನ ಪಡಬೇಕು?"

"ಆ ಹುಡುಗೀನ ಒಂದ ಮಾತ ಕೇಳಿದ್ರೇನು?"

ಹನಮಪ್ಪ ಕೇಳಿರಲಿಲ್ಲ. ಅಂತಹ ಮಾತನ್ನು ಹೆಂಗಸಿಗೆ ಎದುರಿಗೆ ಕೇಳುವುದು ಅವನಿಗೆ ನಾಚಿಕೆ. ಅವಳಿಲ್ಲದಾಗ ಹತ್ತು ಮಂದಿಯ ನಡುವೆ ಕುಳಿತು ತೀರ್ಪು ಕೊಡಲು ಮಾತ್ರ ನಾಚಿಕೆ ಇರಲಿಲ್ಲ. ಇಂಥ ಹಿರಿತನಕ್ಕೆ ಬೆಂಕಿ ಹಾಕಬೇಕು!

ತಿಪ್ಪವ್ವನ ಮನೆಯಲ್ಲಿ ನೀಲಗಂಗವ್ವ ಅವಳ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು. ಇನ್ಸ್‌ಪೆಕ್ಟರ್ ಹೊರಸಿನ ಮೇಲೆ ಕುಳಿತರು.

"ಅಮಾಸಿ ದಿನಾ ಬಿಲ್ಲಿ ಬೆಳ್ಳಗಾದ ಕೂಡ್ಲೇ ಏನ ಮಾಡಿದ್ರಿ?"

"ಅಳಕೋತ ಕುಂತೆ."

"ಆಮ್ಯಾಲ?"

ತಿಪ್ಪವ್ವ ಮತ್ತೆ ಅಡುಗೆಮನೆಯ ಕಡೆ ನೋಡಿದಳು.

"ನಿಮ್ಮ ಫೋನ್ ದಾಖಲಿ ತರಸ್ತೀನಿ. ಎರಡ ದಿನ ತಡಾ ಆಕ್ಕೇತಿ ಅಷ್ಟ. ಅಲ್ಲೀ ತನಕ ನಿಮ್ಮ ಸೊಸಿ ಶಿಗ್ಲಿಯೊಳಗ ಕುಂತಿರತಾಳ."

ತಿಪ್ಪವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಬೆಟಗೇರಿ ಸರಗ ಫೋನ್ ಹಚ್ಚಿದೆ. ಅವರು ತಿಳದವರು, ನಾಗವ್ವನ ಬಗ್ಗೆ ಗೊತ್ತಿದ್ದವರು. ಹಿಂಗ್ಯಾಕ ಆತ್ರಿ ಸರ ಅಂತ ಕೇಳಿದೆ."

"ಏನಂದ್ರು?"

"ತೊಳದವರು ಯಾರು ಅಂದ್ರು. ಸೊಸಿ ಅಂದೆ. ಹಂಗಾರ ಆಕಿ ಮುಟ್ಟಾಗಿ ತೊಳದಾಳ, ಹಳೇ ಲೋಹಕ್ಕ ಮೈಲಿಗಿ ತಗಲಿದ್ರ ಹಿಂಗ ಆಕ್ಕೇತಿ, ಇದು ವಿಜ್ಞಾನ ಅಂದ್ರು."

ನೀಲಗಂಗವ್ವ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು.

"ವಿಜ್ಞಾನ ಅಂದ್ರಾ?" ಮಾಳಿಂಗರಾಯರು ಕೇಳಿದರು.

"ಹೂಂ ರಿ. ಆಕಿ ಇಲ್ಲ ಇಲ್ಲ ಅಂತ ಅತ್ಲು. ಆದ್ರ ಸರ ಸುಳ್ಳು ಹೇಳತಾರೇನ್ರಿ? ನಾಗವ್ವಗ ಕೈ ಮುಗದ ಹೋದವರು. ನಮ್ಮ ಮನ್ಯಾಗ ಉಂಡವರು."

"ಮೊದಲ ಕೇಳಿದಾಗ ಯಾರೂ ಬಂದಿಲ್ಲ ಅಂದ್ರೆಲ್ಲಾ."

"ಅವರ ಹೇಳಿದ್ರು. ಸರಕಾರಕ್ಕ ಖಬರ ಆದ್ರ ನಾಗವ್ವನ್ನ ಒಯ್ದು ಗಾಜಿನ ಪೆಟಗ್ಯಾಗ ಇಡತಾರ, ಯಾರ ಮುಂದೂ ನಾ ಬಂದಿದ್ದು ಹೇಳಬ್ಯಾಡ್ರಿ ಅಂತ."

ಆಮೇಲೆ ಉಳಿದದ್ದೆಲ್ಲ ತಾನಾಗಿ ಬಂತು. ಜನವರಿಯಲ್ಲಿ ಡಂಬಳದ ಕಡೆ ಶಾಲೆಯೊಂದರಲ್ಲಿ ನಾಣ್ಯ ಪ್ರದರ್ಶನಕ್ಕೆ ಬಂದಿದ್ದ ಸರ್, ಯಾರೋ ಹೇಳಿದ್ದು ಕೇಳಿ ಕೊರ್ಲಹಳ್ಳಿಗೆ ಬಂದರು. ಬಿಲ್ಲೆಯನ್ನು ಬಿಸಿಲಿಗೆ ಒಯ್ದು ಫೋಟೊ ತೆಗೆಯುತ್ತೇನೆಂದು ಕಟ್ಟೆಯ ಮೇಲೆ ಕುಳಿತರು. ಗುಲಾಬಿ ಬಣ್ಣದ ಕಣಕದಂಥದ್ದನ್ನು ಬಿಲ್ಲೆಗೆ ಒತ್ತಿ ತೆಗೆದರು. ಸ್ವಚ್ಛ ಮಾಡುವ ಔಷಧ ಎಂದರು. ಜೂನ್ ಕೊನೆಗೆ ಮತ್ತೊಮ್ಮೆ ದರ್ಶನಕ್ಕೆಂದು ಬಂದರು. ರೋಜಾ ರೊಟ್ಟಿ ಬಡಿದಳು, ಬದನೆಕಾಯಿ ಎಣಗಾಯಿ ಮಾಡಿದಳು. ಉಂಡ ಮೇಲೆ ಸರ್ ಮಜ್ಜಿಗೆ ಕೇಳಿದರು. ಅತ್ತೆ ಸೊಸೆ ಇಬ್ಬರೂ ಒಳಗೆ ಹೋದರು. ಆಗ ಜಗಲಿಯ ಮುಂದೆ ಇದ್ದವರು ಸರ್ ಒಬ್ಬರೇ.

ಉಂಡ ಮನೆಯ ಗಳ ಎಣಿಸುವವರನ್ನು ನಾವು ಕೇಳಿದ್ದೇವೆ. ಈತ ಉಂಡ ಮನೆಯ ದೇವರನ್ನು ಕಿಸೆಯಲ್ಲಿಟ್ಟುಕೊಂಡ, ಮೇಲೆ ರೊಟ್ಟಿ ಬಡಿದುಕೊಟ್ಟ ಹುಡುಗಿಯ ತಲೆಗೆ ಮೈಲಿಗೆ ಕಟ್ಟಿದ. ವಾಪಸು ಹೊರಟಾಗ ಮಾಳಿಂಗರಾಯರು ಜೀಪಿನ ಬಾಗಿಲನ್ನು ಎಷ್ಟು ಜೋರಾಗಿ ಎಳೆದುಕೊಂಡರೆಂದರೆ ಚಾಲಕ ತಿರುಗಿ ನೋಡಿದ.

ಸರ್ ಎಂದರೆ ಸುಭಾಷ ಕೋಟುಮಚಗಿ, ವಯಸ್ಸು ಐವತ್ತೆಂಟು. ಬೆಟಗೇರಿಯಲ್ಲಿ ಶಾಲಾ ಸಾಮಗ್ರಿಗಳ ಅಂಗಡಿ. ಇಪ್ಪತ್ತು ವರ್ಷಗಳಿಂದ ಹಳೆಯ ನಾಣ್ಯಗಳ ಪೆಟ್ಟಿಗೆ ಹೊತ್ತು ಶಾಲೆಯಿಂದ ಶಾಲೆಗೆ ತಿರುಗಿದವನು. ಅಂಗಡಿಯ ಗೋಡೆಯ ತುಂಬ ಶಾಲು ಹೊದಿಸಿಕೊಂಡ ಫೋಟೊಗಳು. ಮೂಢನಂಬಿಕೆಯ ವಿರುದ್ಧ ಭಾಷಣ ಮಾಡಿದ್ದಕ್ಕೂ ಒಂದು ಶಾಲು ಬಂದಿತ್ತು!

ಆಗಸ್ಟ್ 5ಕ್ಕೆ ಫೋನ್ ದಾಖಲೆ ಬಂತು. ಅಮಾವಾಸ್ಯೆಯ ದಿನ, ಜುಲೈ 24ರ ಬೆಳಿಗ್ಗೆ, ತಿಪ್ಪವ್ವನ ಫೋನಿನಿಂದ ಸುಭಾಷನಿಗೆ ಕರೆ ಹೋಗಿತ್ತು. ನಾಲ್ಕು ನಿಮಿಷ ಮಾತಾಡಿದ್ದರು. ಇನ್ನು ಬೇಕಾದದ್ದು ನಕಲು ಮಾಡಿದವನು. ಸುಭಾಷ ತನ್ನ ಪ್ರದರ್ಶನಗಳಲ್ಲಿ ಮಕ್ಕಳಿಗೆ ಪದಕ ಹಂಚುತ್ತಿದ್ದ; ಆ ಪದಕಗಳು ಬರುತ್ತಿದ್ದುದು ಗದಗಿನ ಕಳಕಪ್ಪನ ಎರಕದ ಕೊಟ್ಟಿಗೆಯಿಂದ. ಹುಚ್ಚೀರಪ್ಪ ಅಲ್ಲಿಗೆ ಹೋಗಿ ಬಿಳಿ ಬಿಲ್ಲೆಯ ಫೋಟೊ ತೋರಿಸಿದ.

"ನಂದ ಕೆಲಸ ರಿ," ಎಂದ ಕಳಕಪ್ಪ. "ಸುಭಾಷ ಸರ್ ಅಚ್ಚು ತಂದ ಕೊಟ್ಟಿದ್ರು. ಸಾಲಿ ಹುಡುಗರಿಗೆ ತೋರಸಾಕ ಅಂದ್ರು."

"ಕಂಚಿನ್ಯಾಗ ಮಾಡು ಅಂದಿರಬೇಕಲ್ಲ?"

"ಅಂದಿದ್ರು. ಒಂದ ಬಿಲ್ಲಿ ಸಲುವಾಗಿ ಕಂಚು ಯಾರು ಕರಗಸ್ತಾರ್ರಿ? ಪದಕದ ಲೋಹನ ಹೊಯ್ದು ಮ್ಯಾಲ ಬಣ್ಣಾ ಹೊಡದೆ."

"ಅವಂಗ ಹೇಳಿದ್ಯೇನು?"

"ತಿಕ್ಕಿ ನೋಡಿದ್ರ ಅವರಿಗೇ ತಿಳೀತಿತ್ತು."

ತಿಕ್ಕಿ ನೋಡುವವನಲ್ಲ ಸುಭಾಷ. ನಾಣ್ಯ ಸಂಗ್ರಹಿಸುವವರ ಮೊದಲ ಪಾಠವೇ ಅದು: ಹಳೆಯ ನಾಣ್ಯವನ್ನು ಎಂದೂ ಉಜ್ಜಬಾರದು, ತೊಳೆಯಬಾರದು, ಬಂದ ಹಾಗೆಯೇ ಇಡಬೇಕು. ಆ ಪಾಠ ಕೈಗೆ ಎಷ್ಟು ಅಂಟಿತ್ತೆಂದರೆ ನಕಲನ್ನೂ ಅವನು ಉಜ್ಜಲಿಲ್ಲ. ತೂಕ ನೋಡಿದ, ಬಣ್ಣ ನೋಡಿದ, ಅಕ್ಷರ ನೋಡಿದ. ಹುಣಸೆಹಣ್ಣು ಮುಟ್ಟಿಸಿ ನೋಡಲಿಲ್ಲ. ಆ ಮನೆಯಲ್ಲಿ ತಿಕ್ಕುವ ರೂಢಿ ಇದೆಯೆಂದು ಗೊತ್ತಿತ್ತು. ಕಂಚನ್ನು ತಿಕ್ಕಿದರೆ ಕಂಚೇ ಕಾಣುತ್ತದೆ ಎಂದು ನೆಚ್ಚಿಕೊಂಡಿದ್ದ.

ಬಿಲ್ಲೆ ಎಲ್ಲಿದೆ ಎಂಬುದು ತಿಳಿಯದೆ ಕೈ ಹಾಕಿದರೆ ಅದನ್ನು ಹೊಳೆಗೆ ಎಸೆದುಬಿಟ್ಟಾನು. ಮಾಳಿಂಗರಾಯರು ಕಾದರು. ಅಷ್ಟರಲ್ಲಿ ಅಂಗಡಿಯ ಬಳಿ ಪೊಲೀಸರು ವಿಚಾರಿಸಿದ ಸುದ್ದಿ ಹರಡಿ ರಾಜಕೀಯದವರೊಬ್ಬರ ಫೋನ್ ಬಂತು.

"ಏನ್ರಿ ಸಾಹೇಬ್ರ, ಒಂದು ಕಂಚಿನ ಬಿಲ್ಲಿ ಸಲುವಾಗಿ ದೊಡ್ಡ ಮನಶ್ಯಾನ ಹಿಂದ ಬಿದ್ದೀರಂತ?"

"ಬಿಲ್ಲಿ ಸಲುವಾಗಿ ಅಲ್ರಿ. ಒಂದು ಹುಡುಗಿ ಮನಿ ಬಿಟ್ಟು ಹೊರಗ ಕುಂತಾಳ, ಆಕಿ ಸಲುವಾಗಿ."

"ಅದು ಅವರ ಮನಿ ಜಗಳ."

"ಹೌದ್ರಿ. ಹಚ್ಚಿದವರು ಯಾರು ಅಂತ ನೋಡಾಕತ್ತೇವಿ."

ಆಗಸ್ಟ್ 13, ಬುಧವಾರ. ಸ್ವಾತಂತ್ರ್ಯೋತ್ಸವದ ಅಂಗವಾಗಿ ಲಕ್ಷ್ಮೇಶ್ವರದ ಸಭಾಭವನವೊಂದರಲ್ಲಿ ಸುಭಾಷನ ಪ್ರದರ್ಶನ ಏರ್ಪಾಟಾಗಿತ್ತು. ರಾಜಕೀಯದವರ ಫೋನಿಗೆ ಪೊಲೀಸರು ತಣ್ಣಗಾದರೆಂದು ಅವನು ನಂಬಿದ್ದ. ಬ್ಯಾನರಿನ ಮೇಲೆ ‘ರೋಮ್ ನಮ್ಮ ತುಂಗಭದ್ರೆಗೆ ಬಂದಾಗ’ ಎಂದು ಬರೆದಿತ್ತು. ಮಾಳಿಂಗರಾಯ, ಹುಚ್ಚೀರಪ್ಪ, ನೀಲಗಂಗವ್ವ ಸಾದಾ ಉಡುಪಿನಲ್ಲಿ ಬಂದರು. ಜೊತೆಗೆ ಸೀಮಾ ಇದ್ದರು. ಶಿಕ್ಷಕಿಯರ ಗುಂಪಿನ ಹಿಂದೆ ನಿಂತು ಕೇಳಿದರು.

ಗಾಜಿನ ಪೆಟ್ಟಿಗೆಯ ನಡುವೆ ಕಪ್ಪು ಮಖಮಲ್ಲಿನ ಮೇಲೆ ಒಂದೇ ಒಂದು ನಾಣ್ಯ. ಸುಭಾಷ ಕೋಟು ಹಾಕಿಕೊಂಡು, ಕಡ್ಡಿ ತೋರಿಸುತ್ತ ಹೇಳುತ್ತಿದ್ದ. ಚೆನ್ನಾಗಿಯೇ ಹೇಳುತ್ತಿದ್ದ, ಅದನ್ನು ಒಪ್ಪಿಕೊಳ್ಳಲೇಬೇಕು. ತಟ್ಟೆ ಹಿಡಿದ ತೋಳಿನ ಬಾಗು ನೋಡಿ, ಹಾವು ಬಲಿಪೀಠಕ್ಕೆ ಎರಡು ಸುತ್ತು ಸುತ್ತಿ ತಲೆ ಎತ್ತಿದ್ದು ನೋಡಿ, ಇಷ್ಟು ಚಿಕ್ಕ ಜಾಗದಲ್ಲಿ ಒಬ್ಬ ಕುಶಲಕರ್ಮಿ ಎಷ್ಟು ಶಾಂತಿ ತುಂಬಿದ್ದಾನೆ ನೋಡಿ ಎನ್ನುವಾಗ ಅವನ ದನಿ ಮೆತ್ತಗಾಗಿತ್ತು.

ಶಿಕ್ಷಕಿಯರು ಮುಂದೆ ಸರಿದ ಮೇಲೆ ಮಾಳಿಂಗರಾಯರು ಹತ್ತಿರ ಹೋದರು.

"ಭಾಳ ಚಂದ ಐತ್ರಿ. ಎಲ್ಲಿ ಸಿಕ್ತು?"

"ಮುಂಬೈ ಹರಾಜಿನಲ್ಲಿ. ಬಹಳ ವರ್ಷದ ಹಿಂದೆ."

"ತೊಳದೀರೇನು?"

"ಏನ್ರಿ ನೀವು, ನಾಣ್ಯ ತೊಳೀತಾರೇನು? ಹಳ್ಳಿಯವರು ಹುಣಸಿಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಇತಿಹಾಸನೇ ಅಳಿಸ್ತಾರೆ. ನಾನು ಕೈಗೆ ಬಟ್ಟೆ ಇಲ್ಲದೆ ಮುಟ್ಟೂದಿಲ್ಲ. ಬಂದಾಗ ಹೆಂಗಿತ್ತೋ ಹಂಗೇ ಐತಿ."

"ಹಂಗಾರ ಛೊಲೊ ಆತು," ಎಂದು ಇನ್ಸ್‌ಪೆಕ್ಟರ್ ಗುರುತಿನ ಚೀಟಿ ತೋರಿಸಿ ಪೆಟ್ಟಿಗೆ ತೆಗೆಯಲು ಹೇಳಿದರು.

ಸೀಮಾ ಭೂತಗನ್ನಡಿ ಹಿಡಿದು ನೋಡಿದರು. ಮೊಣಕಾಲಿನ ಬಳಿಯ ತಗ್ಗು ಫೋಟೊದಲ್ಲಿದ್ದಲ್ಲೇ ಇತ್ತು. ಹಾವಿನ ಸುತ್ತುಗಳ ಸಂದಿಯಲ್ಲಿ, ಅಕ್ಷರಗಳ ಬುಡದಲ್ಲಿ, ಎಣ್ಣೆಯೊಂದಿಗೆ ಗಟ್ಟಿಯಾಗಿ ಕೂತ ಕೆಂಪು, ಅದರಡಿ ಹಳದಿ.

"ಕುಂಕುಮ, ಅರಿಶಿಣ," ಎಂದರು ಸೀಮಾ. "ಒಂದು ವರ್ಷದ ಪೂಜೆ ಹಂಗೇ ಐತಿ."

"ಮುಂಬೈ ಹರಾಜಿನ್ಯಾಗ ಕುಂಕುಮಾ ಹಚ್ಚಿ ಮಾರತಾರೇನ್ರಿ?" ಮಾಳಿಂಗರಾಯರು ಕೇಳಿದರು.

ಸುಭಾಷ ಕುರ್ಚಿ ಹುಡುಕಿಕೊಂಡು ಕುಳಿತ. ಇಬ್ಬರು ಪಂಚರ ಸಮಕ್ಷಮ ಜಪ್ತಿ ಪಂಚನಾಮೆ ಆಯಿತು. ಮಧ್ಯಾಹ್ನ ಹನ್ನೆರಡೂವರೆಗೆ ಅವನನ್ನು ಬಂಧಿಸಲಾಯಿತು. ಹೊರಗೆ ಬರುವಾಗ ಕೋಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದ.

ಠಾಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಹೋದ ವರ್ಷ ಧಾರವಾಡದ ಒಂದು ಸಮಾವೇಶಕ್ಕೆ ತನ್ನ ರೋಮನ್ ನಾಣ್ಯಗಳನ್ನು ಒಯ್ದಿದ್ದ. ಹೊರಗಿನಿಂದ ಬಂದ ವಿದ್ವಾಂಸರೊಬ್ಬರು ತಟ್ಟೆಯ ಮೇಲೆ ಕಣ್ಣಾಡಿಸಿ, ಇವೆಲ್ಲ ನಕಲು, ಮಕ್ಕಳ ಆಟಕ್ಕೆ ಅಡ್ಡಿಯಿಲ್ಲ ಎಂದು ಹೇಳಿ ಪಕ್ಕದ ಮೇಜಿಗೆ ಹೋದರು. ಸುತ್ತ ನಿಂತವರು ನಕ್ಕರು. ಇಪ್ಪತ್ತು ವರ್ಷ ಅವನು ಶಾಲೆಯ ಮಕ್ಕಳಿಗೆ ತೋರಿಸಿದ್ದ ರೋಮ್‌ನಲ್ಲಿ ಒಂದೂ ನಿಜವಾದದ್ದು ಇರಲಿಲ್ಲ.

"ಸಾಯೂದರೊಳಗ ಒಂದರ ಖರೇದು ನನ್ನ ಪೆಟಗ್ಯಾಗ ಇರಬೇಕಂತ ಅನಿಸ್ತು," ಎಂದ. ಈಗ ಅವನ ಮಾತು ಬೆಟಗೇರಿಯದೇ ಆಗಿತ್ತು. "ಮಾರಾಕ ತಗೊಂಡಿಲ್ರಿ. ಅವರ ಮನ್ಯಾಗ ಇದ್ರ ತಿಕ್ಕಿ ಸವಸತಿದ್ರು. ನಾ ಉಳಿಸಿದೆ."

"ಉಳಿಸಿದ್ಯಾ. ಆತು. ಆ ಹುಡುಗಿ ಮ್ಯಾಲ ಮೈಲಿಗಿ ಯಾಕ ಹೇಳಿದಿ?"

ಸುಭಾಷ ಕೋಟನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡ.

"ಫೋನ್ ಬಂದ ಕೂಡ್ಲೇ ಕೈಕಾಲು ಆಡಲಿಲ್ರಿ. ಬ್ಯಾರೆ ಏನ ಹೇಳಿದ್ರೂ ನಾಲ್ಕ ಮಂದಿ ನಾಲ್ಕ ಪ್ರಶ್ನೆ ಕೇಳತಿದ್ರು. ಇದಕ್ಕ ಯಾರೂ ಕೇಳೂದಿಲ್ಲ ಅಂತ ಗೊತ್ತಿತ್ತು."

ಅವನ ಎಣಿಕೆ ತಪ್ಪಿರಲಿಲ್ಲ. ಅತ್ತೆ ಕೇಳಲಿಲ್ಲ, ಗಂಡ ಕೇಳಲಿಲ್ಲ, ಹಿರಿಯರು ಕೇಳಲಿಲ್ಲ. ಹುಚ್ಚೀರಪ್ಪ ಹೇಳಿಕೆಯನ್ನು ಬರೆದು ಮುಗಿಸಿ, "ಸರ, ಆ ಫೋನಿಗೆ ಯಾವ ಕಲಂ?" ಎಂದು ಕೇಳಿದ. ಕಳ್ಳತನಕ್ಕೆ ಕಲಂ ಇತ್ತು, ಪ್ರಾಚ್ಯವಸ್ತು ಕಾಯ್ದೆ ಇತ್ತು. ಆ ನಾಲ್ಕು ನಿಮಿಷದ ಮಾತಿಗೆ ಮಾನಹಾನಿ ಎನ್ನಬಹುದಿತ್ತು, ಆದರೆ ಅದನ್ನು ಪೊಲೀಸರು ತಾವಾಗಿ ಹಾಕುವಂತಿಲ್ಲ. ಆಕೆಯೇ ವಕೀಲರನ್ನು ಹಿಡಿದು ಕೋರ್ಟಿಗೆ ಅಲೆಯಬೇಕು. ಕಾನೂನು ಅಷ್ಟೇ.

ಮರುದಿನ ಪರಶುರಾಮ ಶಿಗ್ಲಿಗೆ ಹೋಗಿ ಹೆಂಡತಿಯನ್ನು ಕರೆದ. ಕಳ್ಳ ಸಿಕ್ಕನಲ್ಲ, ನಡಿ, ಆದದ್ದು ಆತು ಎಂದ. ರೋಜಾ ಬರಲಿಲ್ಲ. ಗುಡಿಯ ಮುಂದೆ ಅಂದದ್ದನ್ನು ಗುಡಿಯ ಮುಂದೆಯೇ ತಿರುಗಿ ತೆಗೆದುಕೊಳ್ಳಬೇಕು, ಹಿತ್ತಲಿಂದ ಕರೆದರೆ ಬರುವುದಿಲ್ಲ ಎಂದಳು. ಹನಮಪ್ಪನಿಗೆ ಈ ಮಾತು ಮುಟ್ಟಿದಾಗ, ಹಿರಿಯರು ಸೊಸೆಯಂದಿರ ಮುಂದೆ ತಪ್ಪು ಒಪ್ಪುವ ಪದ್ಧತಿ ಈ ಊರಲ್ಲಿಲ್ಲ ಎಂದು ಹೇಳಿ ಕಳಿಸಿದ.

ಮಾಳಿಂಗರಾಯರು ಸಿಟ್ಟನ್ನು ನುಂಗಿಕೊಂಡು ಕಾಗದ ತಯಾರು ಮಾಡಿದರು. ಜಪ್ತಾದ ಮಾಲನ್ನು ಫಿರ್ಯಾದಿಯ ಕಡೆಯವರು ಗುರುತಿಸಬೇಕು. ಅದಕ್ಕೆ ಪಂಚರು ಬೇಕು. ಕೋರ್ಟಿನ ಅನುಮತಿ ಪಡೆದು ಆಗಸ್ಟ್ 25ರ ಸೋಮವಾರ ಕೊರ್ಲಹಳ್ಳಿಯ ಗುಡಿಯ ಮುಂದೆಯೇ ಗುರುತು ಪಂಚನಾಮೆ ಇಟ್ಟರು. ಪಂಚರಾಗಿ ಹನಮಪ್ಪನಿಗೂ ಅವನ ಜೊತೆ ತೀರ್ಪು ಕೊಟ್ಟ ಇನ್ನೊಬ್ಬ ಹಿರಿಯನಿಗೂ ನೋಟಿಸು ಹೋಯಿತು.

ಊರು ನೆರೆಯಿತು. ರೋಜಾ ತಾಯಿಯೊಂದಿಗೆ ಬಂದು ಒಂದು ಬದಿಗೆ ನಿಂತಳು. ತಿಪ್ಪವ್ವ ಇನ್ನೊಂದು ಬದಿಗೆ. ಹುಚ್ಚೀರಪ್ಪ ತಾನೇ ಬರೆದ ಪಂಚನಾಮೆಯನ್ನು ಹನಮಪ್ಪನ ಕೈಗೆ ಕೊಟ್ಟ.

"ಸಹಿ ಎಲ್ಲಿ ಮಾಡಲ್ರಿ?" ಹನಮಪ್ಪ ಕೇಳಿದ.

"ಓದದೇ ಸಹಿ ಮಾಡಬಾರದು," ಎಂದರು ಮಾಳಿಂಗರಾಯ. "ಎಲ್ಲಾರಿಗೂ ಕೇಳೂವಂಗ ಓದ್ರಿ."

ಹನಮಪ್ಪ ಓದಿದ. ಆರೋಪಿಯು ಅಸಲಿ ಬಿಲ್ಲೆಯನ್ನು ಕದ್ದು ಬಿಳಿ ಲೋಹದ ನಕಲನ್ನು ಇಟ್ಟಿದ್ದು, ತಿಕ್ಕಿದಾಗ ಬಣ್ಣ ಹೋಗಿದ್ದು, ಎಂಬಲ್ಲಿಯವರೆಗೆ ಸರಾಗ ಓದಿದ. ಅಲ್ಲಿ ನಿಂತ.

"ಮುಂದ ಓದ್ರಿ."

"ಇದಕ್ಕೂ ಫಿರ್ಯಾದಿ ರೋಜಾ ಇವರಿಗೂ ಯಾವುದೇ ಸಂಬಂಧವಿರುವುದಿಲ್ಲ. ಅವರ ಮೇಲೆ ಹೊರಿಸಿದ ಆರೋಪ ಸುಳ್ಳೆಂದು ಪಂಚರಾದ ನಾವು..." ಹನಮಪ್ಪನ ದನಿ ಇಳಿಯಿತು.

"ಕೇಳವಲ್ತ್ರಿ," ಎಂದರು ಹಿಂದಿನಿಂದ ಯಾರೋ ಹೆಂಗಸರು.

"...ಪಂಚರಾದ ನಾವು ತಿಳಿದುಕೊಂಡಿರುತ್ತೇವೆ."

ಸಹಿ ಮಾಡಿದ. ತಿಪ್ಪವ್ವ ಬಂದು ಸೊಸೆಯ ಎರಡೂ ಕೈ ಹಿಡಿದುಕೊಂಡು, "ನಿನ್ನ ಬಿಟ್ಟು ಅವನ್ನ ನಂಬಿದ್ನೆಲ್ಲ ನಮ್ಮವ್ವ" ಎಂದು ಅತ್ತಳು. ರೋಜಾ ಕೈ ಬಿಡಿಸಿಕೊಳ್ಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

ಇನ್ಸ್‌ಪೆಕ್ಟರ್ ಸೀಲು ಒಡೆದು ಬಿಲ್ಲೆಯನ್ನು ಹೊರತೆಗೆದರು. ಕೇಸು ಮುಗಿದ ಮೇಲೆ ಅದು ಮನೆಗೆ ಬರುವುದು ಅನುಮಾನ, ವಸ್ತುಸಂಗ್ರಹಾಲಯದ ಪಾಲಾಗಬಹುದು ಎಂದು ಸೀಮಾ ಮೊದಲೇ ತಿಳಿಸಿದ್ದರು. ಹೀಗಾಗಿ ಹೆಂಗಸರೆಲ್ಲ ಕೊನೆಯ ಸಲ ನೋಡಲು ಮುಂದೆ ಬಂದರು.

"ಫಿರ್ಯಾದಿದಾರರು ಮಾಲನ್ನ ಗುರುತಿಸಬೇಕು," ಎಂದು ಮಾಳಿಂಗರಾಯರು ಬಿಲ್ಲೆ ಚಾಚಿದರು.

ರೋಜಾ ಬಲ ಅಂಗೈ ಒಡ್ಡಿ ತೆಗೆದುಕೊಂಡಳು. ತಿರುವಿ ನೋಡಿದಳು. ಗಡ್ಡದ ಚಕ್ರವರ್ತಿ, ತಟ್ಟೆ ಹಿಡಿದ ದೇವಿ, ಹಾವು, ಸಂದಿಯಲ್ಲಿ ಕುಂಕುಮ.

"ಇದು ನಮ್ಮದ ರಿ," ಎಂದಳು.

ವಾಪಸು ಕೊಡಲಿಲ್ಲ. ಅಂಗೈಯನ್ನು ಹಾಗೆಯೇ ಒಡ್ಡಿಕೊಂಡು ಹನಮಪ್ಪನ ಎದುರಿಗೆ ಹೋಗಿ ನಿಂತಳು.

"ಕಾಕಾ, ಇವತ್ತ ನಂದು ಮುಟ್ಟಿನ ಎರಡನೇ ದಿನಾ," ಎಂದಳು. "ಬಿಲ್ಲಿ ಕೆಂಪ ಐತಿ. ನೋಡ್ರಿ, ಬೆಳ್ಳಗ ಆಕ್ಕೇತೇನು."

ಹನಮಪ್ಪ ನೆಲ ನೋಡಿದ.

"ನೆಲಾ ನೋಡಬ್ಯಾಡ್ರಿ. ಇದನ್ನ ನೋಡ್ರಿ," ಎಂದಳು ರೋಜಾ. ಅವನು ಕಣ್ಣೆತ್ತಿ ನೋಡುವವರೆಗೂ ಕೈ ಇಳಿಸಲಿಲ್ಲ.